ಮೂರು ನಾಯಿ, ಮೂವತ್ತೆರಡು ಪೇಜು: ಓದುಗರ ಪ್ರಶ್ನೆಗೆ ಉತ್ತರ

ಹೋದ ಸಂಚಿಕೇಲಿ ಸಾಹಸಕ್ಕೆ ಹೊರಡೋ ನಾಯಿಗಳ ತಮಾಷೆ ಚಿತ್ರಪುಸ್ತಕಗಳ ಬಗ್ಗೆ ಬರೆದಿದ್ದೆ. ಅಪ್ಪ ಅಮ್ಮಂದಿರು, ಟೀಚರುಗಳು, ಕಥೆ ಬರೆಯೋರು, ಚಿತ್ರ ಬಿಡಿಸೋರು, ಒಬ್ಬರು ತಾತ, ಕೊನೆಗೆ ಒಬ್ಬಳು ಪುಟ್ಟ ಓದುಗಾರ್ತಿ ಕೂಡ ಪ್ರಶ್ನೆ ಕಳಿಸಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ, ಕೆಲವಕ್ಕೆ ಉತ್ತರ ಉದ್ದ ಆಗಿದೆ, ಯಾಕಂದ್ರೆ ಹೇಳೋಕೆ ಅಷ್ಟಿದೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ. ಎರಡು ನಾಯಿ ಬಟ್ಟೆ ಬುಟ್ಟೀಲಿ ಕೂತು ಹೊಳೆ ದಾಟೋಕೆ ಹೋಗೋ ಒಂದು ಪುಸ್ತಕ ಇದೆ, ದಿನಾ ರಾತ್ರಿ ಅದೇ ಬೇಕು. ಬುಟ್ಟಿ ತಳದಿಂದ ನೀರು ಬರೋ ಪೇಜು ಬಂತು ಅಂದ್ರೆ ಪ್ರತಿ ಸಲಾನೂ ಬಿದ್ದು ಬಿದ್ದು ನಗ್ತಾನೆ. ನನಗೆ ಓದಿ ಓದಿ ಸಾಕಾಗಿದೆ. ಪುಸ್ತಕ ಬಚ್ಚಿಟ್ಟು ಬೇರೆ ಕೊಡಲಾ?

ಉತ್ತರ: ದಯವಿಟ್ಟು ಬಚ್ಚಿಡಬೇಡಿ. ನಮ್ಮಂಥ ದೊಡ್ಡೋರಿಗೆ ಜೋಕು ಅಂದ್ರೆ ಗೊತ್ತಿಲ್ಲದೇ ಇರೋದು ಫಟ್ ಅಂತ ಗೊತ್ತಾಗೋದು, ಒಂದ್ಸಲ ಕೇಳಿದ ಮೇಲೆ ಮುಗೀತು. ಆ ವಯಸ್ಸಿನ ಮಕ್ಕಳಿಗೆ ಹಂಗಲ್ಲ, ಮುಂದೇನಾಗುತ್ತೆ ಅಂತ ಗೊತ್ತಿರೋದೇ ಅವರಿಗೆ ಮಜಾ. ಬುಟ್ಟಿ ತೂತಿದೆ ಅಂತ ಅವನಿಗೆ ಗೊತ್ತು, ಆ ಎರಡು ನಾಯಿಗಳಿಗೆ ಗೊತ್ತಿಲ್ಲ. ದಿನವಿಡೀ ಮನೇಲಿ ಎಲ್ಲರಿಗಿಂತ ಕಮ್ಮಿ ಗೊತ್ತಿರೋನು ಅವನೇ, ಯಾವ ಚಪ್ಪಲಿ ಯಾವ ಕಾಲಿಗೆ ಅನ್ನೋದ್ರಿಂದ ಹಿಡಿದು ಯಾವಾಗ ಮಲಗ್ಬೇಕು ಅನ್ನೋವರೆಗೂ ಬೇರೆಯೋರೇ ಹೇಳ್ಬೇಕು, ಆದ್ರೆ ಈ ಪುಸ್ತಕ ತೆಗೆದ ತಕ್ಷಣ ಅವನೇ ಎಲ್ಲಾ ಬಲ್ಲೋನು, ಆ ನಾಯಿಗಳಿಗೆ ಕೂಗಿ ಹೇಳ್ಬೇಕು ಅನ್ಸುತ್ತೆ, ಹೇಳಿದ್ರೂ ಅವು ಕೇಳಲ್ಲ, ಅದಕ್ಕೇ ಆ ಪಾಟಿ ನಗು.

ಇನ್ನೊಂದು ವಿಷಯ. 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟೀಲಿ ಜೆಸಿಕಾ ಹಾರ್ಸ್ಟ್ ಅನ್ನೋರು ತಮ್ಮ ತಂಡದ ಜೊತೆ ಮೂರು ವರ್ಷದ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದ್ರು. ಕೆಲವು ಮಕ್ಕಳಿಗೆ ಒಂದೇ ಕಥೇನ ಮತ್ತೆ ಮತ್ತೆ ಓದಿದ್ರು, ಉಳಿದ ಮಕ್ಕಳಿಗೆ ಅದೇ ಹೊಸ ಪದಗಳಿರೋ ಬೇರೆ ಬೇರೆ ಕಥೆ ಓದಿದ್ರು. ಪದ ಚೆನ್ನಾಗಿ ಕಲಿತಿದ್ದು ಒಂದೇ ಕಥೆ ಕೇಳಿದ ಮಕ್ಕಳು. ಹಾಗಾಗಿ ನಿಮ್ಮ ಮಗ ಟೈಮ್ ವೇಸ್ಟ್ ಮಾಡ್ತಿಲ್ಲ.

ನಿಮಗೆ ಬೇಜಾರಾಗಿರೋದು ನಿಜ, ಅದಕ್ಕೊಂದು ದಾರಿ ಇದೆ. ನೀವು ಪದ ಓದ್ತಿದೀರ, ಅವನು ಚಿತ್ರ ಓದ್ತಿದಾನೆ. ನಾಳೆಯಿಂದ ನೀವೂ ಚಿತ್ರ ಓದಿ. ಮೊದಲನೇ ಪೇಜಲ್ಲೇ ಬುಟ್ಟಿ ಹತ್ರ ಎಲ್ಲಾದ್ರೂ ಒಂದು ಇಲಿ ಕೂತಿದೆಯಾ, ತೂತು ಆವಾಗ್ಲೇ ಇತ್ತಾ, ಮೂಲೇಲಿ ಒಂದು ಕಪ್ಪೆ ಪೇಜಿಂದ ಪೇಜಿಗೆ ಹಿಂದೇನೇ ಬರ್ತಿದೆಯಾ ಅಂತ ನೋಡಿ. ಒಳ್ಳೇ ಚಿತ್ರಕಾರರು ಇಂಥವನ್ನ ಬೇಕಂತಲೇ ಇಟ್ಟಿರ್ತಾರೆ. ನಿಮ್ಮ ಮಗನಿಗೆ ಅವೆಲ್ಲ ಆಗ್ಲೇ ಗೊತ್ತಿದ್ರೆ ಆಶ್ಚರ್ಯ ಇಲ್ಲ, ಕೇಳಿ ನೋಡಿ.

ಪ್ರಶ್ನೆ: ನಮಸ್ಕಾರ. ನಾನೊಂದು ಮಕ್ಕಳ ಪುಸ್ತಕ ಬರೀತಿದೀನಿ, ಮೂರು ನಾಯಿಗಳು ಚಂದ್ರನ್ನ ಹುಡುಕ್ಕೊಂಡು ಹೋಗೋ ಕಥೆ. ಮೂರು ಸಾವಿರ ಪದ ಆಗಿದೆ. ಫ್ರೆಂಡ್ಸಿಗೆ ಓದೋಕೆ ಕೊಟ್ಟೆ, ಎಲ್ಲರೂ ಚೆನ್ನಾಗಿದೆ ಆದ್ರೆ ನಗು ಬರ್ಲಿಲ್ಲ ಅಂದ್ರು. ನಾಯಿಗಳು ಜೋಕ್ ಹೇಳ್ತವೆ, ಜಾರಿ ಬೀಳ್ತವೆ, ಕನ್ನಡಕ ಟೋಪಿ ಎಲ್ಲ ಹಾಕ್ಕೊಂಡಿವೆ. ಇನ್ನೇನು ಸೇರಿಸ್ಲಿ?

ಉತ್ತರ: ಸೇರಿಸಬೇಡಿ, ತೆಗೀರಿ. ನಿಮ್ಮ ಐಡಿಯಾ ನನಗೆ ಬಹಳ ಇಷ್ಟ ಆಯ್ತು, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲು ಅಳತೆ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪೇಜು, ಇದು ಯಾರೋ ಸುಮ್ನೆ ಇಟ್ಟ ಲೆಕ್ಕ ಅಲ್ಲ, ದೊಡ್ಡ ಹಾಳೇಲಿ ಎರಡೂ ಕಡೆ ಪ್ರಿಂಟ್ ಮಾಡಿ ಮಡಚಿ ಕತ್ತರಿಸಿದಾಗ ಹದಿನಾರು ಹದಿನಾರು ಪೇಜಿನ ಕಟ್ಟು ಬರುತ್ತೆ, ಅಂಥವು ಎರಡು ಸೇರಿದ್ರೆ 32. ಅದರಲ್ಲಿ ಹೆಸರಿನ ಪೇಜು, ಕಾಪಿರೈಟ್ ಪೇಜು, ಅರ್ಪಣೆ ಅಂತೆಲ್ಲ ಹೋದ್ರೆ ಕಥೆಗೆ ಉಳಿಯೋದು ಹನ್ನೆರಡರಿಂದ ಹದಿನಾಲ್ಕು ಜೋಡಿ ಪೇಜು ಅಷ್ಟೇ. ಇವತ್ತು ಬರೋ ಹೆಚ್ಚಿನ ಚಿತ್ರಪುಸ್ತಕಗಳಲ್ಲಿ ಐನೂರು ಪದಾನೂ ಇರಲ್ಲ. ನಿಮ್ಮ ಮೂರು ಸಾವಿರ ಪದದಲ್ಲಿ ಮುಕ್ಕಾಲು ಭಾಗ ಚಿತ್ರ ಮಾಡಬೇಕಾದ ಕೆಲಸಾನ ನೀವೇ ಮಾಡ್ತಿದೀರ ಅಂತ ಕಾಣುತ್ತೆ.

ಈಗ ನಗು. ನಾಯಿ ಜೋಕ್ ಹೇಳಿದ್ರೆ ನಗು ಬರಲ್ಲ. ನಾಯಿಗೆ ಟೋಪಿ ಹಾಕಿದ್ರೆ ಒಂದು ಕ್ಷಣ ಮುದ್ದು ಅನ್ಸುತ್ತೆ, ಪೇಜ್ ತಿರುಗಿಸೋಷ್ಟರಲ್ಲಿ ಮರೆತು ಹೋಗುತ್ತೆ. ನಿಜವಾದ ನಾಯೀನ ಒಂದು ಗಳಿಗೆ ನೋಡಿ. ಗೇಟ್ ಹತ್ರ ಒಂದು ಪ್ಲಾಸ್ಟಿಕ್ ಕವರು ಗಾಳೀಲಿ ಹಾರ್ಕೊಂಡು ಬಂತು ಅನ್ಕೊಳ್ಳಿ. ನಾಯಿ ನಿಂತಲ್ಲೇ ನಿಲ್ಲುತ್ತೆ, ಒಂದು ಕಾಲು ಮೇಲೆತ್ತಿ ಹಂಗೇ ಇಟ್ಕೊಳುತ್ತೆ, ಬೆನ್ನ ಮೇಲಿನ ಕೂದಲು ನಿಮಿರುತ್ತೆ, ಇಡೀ ಮನೆ ಕಾಪಾಡೋ ಜವಾಬ್ದಾರಿ ಈಗ ತನ್ನ ಮೇಲಿದೆ ಅನ್ನೋ ಹಂಗೆ ಒಂದೊಂದೇ ಹೆಜ್ಜೆ ಇಟ್ಕೊಂಡು ಹತ್ರ ಹೋಗುತ್ತೆ, ಕವರು ಸ್ವಲ್ಪ ಅಲ್ಲಾಡಿದ್ರೆ ಮೂರಡಿ ಹಿಂದಕ್ಕೆ ಹಾರುತ್ತೆ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಮೈ ಕೊಡವ್ಕೊಂಡು ಬೇರೆ ಕಡೆ ನೋಡುತ್ತೆ. ಅದಕ್ಕೆ ತಾನು ಮಾಡೋ ಕೆಲಸ ಒಂದು ಚೂರೂ ತಮಾಷೆ ಅಲ್ಲ, ನಗು ಹುಟ್ಟೋದೇ ಅಲ್ಲಿಂದ. ನಿಮ್ಮ ಮೂರು ನಾಯಿಗಳೂ ಚಂದ್ರನ್ನ ಹುಡುಕೋದನ್ನ ಅಷ್ಟೇ ಸೀರಿಯಸ್ಸಾಗಿ ತಗೋಬೇಕು. ನಾವು ನಾಯಿಗಳನ್ನ ಆಡ್ಕೊಂಡು ನಗೋದಲ್ಲ, ಅವುಗಳ ಪಕ್ಕದಲ್ಲೇ ನಿಂತು, ಅವಕ್ಕೆ ಕಾಣದೇ ಇರೋದು ನಮಗೆ ಕಾಣ್ತಿದೆಯಲ್ಲ ಅಂತ ನಗೋದು.

ಮೂರು ನಾಯಿ ಅಂದ್ರಿ, ಒಳ್ಳೇದಾಯ್ತು, ಮೂರಕ್ಕೂ ಬೇರೆ ಬೇರೆ ಸ್ವಭಾವ ಕೊಡಿ. ಒಂದಕ್ಕೆ ತಾನೇ ಲೀಡರ್ ಅಂತ ಪೂರ್ತಿ ನಂಬಿಕೆ, ದಾರಿ ಮಾತ್ರ ಗೊತ್ತಿಲ್ಲ. ಇನ್ನೊಂದಕ್ಕೆ ಚಂದ್ರ ಗಿಂದ್ರ ಏನೂ ಬೇಡ, ಮೂಗು ಎಲ್ಲಿಗೆ ಎಳೀತೋ ಅಲ್ಲಿಗೆ. ಮೂರನೇದು ತೀರಾ ಪುಟ್ಟದು, ಅದಕ್ಕೆ ಚಂದ್ರ ಎಲ್ಲಿದಾನೆ ಅಂತ ಎರಡನೇ ಪೇಜಲ್ಲೇ ಗೊತ್ತು, ಆದ್ರೆ ದೊಡ್ಡ ನಾಯಿಗಳು ಅದರ ಮಾತು ಕೇಳಲ್ಲ. ಕೇಳ್ತಿರೋ ಮಗು ತಕ್ಷಣ ಆ ಪುಟ್ಟ ನಾಯಿ ಪಾರ್ಟಿ ಆಗ್ಬಿಡುತ್ತೆ, ಯಾಕೆ ಅಂತ ನಿಮಗೆ ಹೇಳ್ಬೇಕಾಗಿಲ್ಲ.

ಆಮೇಲೆ ಪದಕ್ಕೂ ಚಿತ್ರಕ್ಕೂ ಜಗಳ ಹಚ್ಚಿ. ಉದಾಹರಣೆಗೆ ಪದಗಳು ಇಷ್ಟೇ ಹೇಳ್ಲಿ: "ಮೂವರೂ ಯಾರ ಕಣ್ಣಿಗೂ ಬೀಳದ ಹಾಗೆ ಬಚ್ಚಿಟ್ಟುಕೊಂಡರು." ಚಿತ್ರದಲ್ಲಿ ಒಂದು ಪರದೆ, ಪರದೆ ಕೆಳಗೆ ಹನ್ನೆರಡು ಕಾಲು, ಪಕ್ಕದಲ್ಲಿ ಮೂರು ಬಾಲ, ಅದರಲ್ಲೊಂದು ಅಲ್ಲಾಡ್ತಾನೇ ಇದೆ. "ಬಾಲ ಕಾಣ್ತಿತ್ತು" ಅಂತ ಬರೆದ್ರೋ ಮುಗೀತು ಕಥೆ, ಮಗು ಕಂಡುಹಿಡೀಬೇಕಾಗಿದ್ದನ್ನ ನೀವೇ ಕಿತ್ಕೊಂಡ ಹಾಗೆ. ಈ ಕಲೆ ಹೊಸದೇನಲ್ಲ. ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟ್ 1882ರಲ್ಲಿ ಒಂದು ಹಳೇ ಶಿಶುಗೀತೆಗೆ ಚಿತ್ರ ಬರೆದ್ರು, ಹಾಡಲ್ಲಿ ತಟ್ಟೆ ಚಮಚದ ಜೊತೆ ಓಡಿ ಹೋಯ್ತು ಅನ್ನೋದಕ್ಕೆ ಮುಗಿಯುತ್ತೆ, ಆದ್ರೆ ಕಾಲ್ಡೆಕಾಟ್ ಅದರ ನಂತರ ಒಂದು ಚಿತ್ರ ಸೇರಿಸಿದ್ರು, ಅದರಲ್ಲಿ ತಟ್ಟೆ ಒಡೆದು ಚೂರಾಗಿದೆ. ಆ ಬಗ್ಗೆ ಹಾಡಲ್ಲಿ ಒಂದಕ್ಷರ ಇಲ್ಲ. ಅಮೆರಿಕದಲ್ಲಿ 1938ರಿಂದ ಪ್ರತಿ ವರ್ಷ ಒಳ್ಳೇ ಚಿತ್ರಪುಸ್ತಕಕ್ಕೆ ಕೊಡೋ ಮೆಡಲ್ಲಿಗೆ ಇವರ ಹೆಸರೇ ಇಟ್ಟಿರೋದು. 1996ರಲ್ಲಿ ಆ ಮೆಡಲ್ ಸಿಕ್ಕ ಪುಸ್ತಕದಲ್ಲಿ ಒಬ್ಬ ಪೊಲೀಸ್ ಆಫೀಸರ್ ಸ್ಕೂಲುಗಳಿಗೆ ಹೋಗಿ ಸೇಫ್ಟಿ ಬಗ್ಗೆ ಭಾಷಣ ಮಾಡ್ತಾನೆ, ಅವನ ಬೆನ್ನ ಹಿಂದೆ ಅವನ ನಾಯಿ ಒಂದೊಂದು ನಿಯಮಾನೂ ಪಲ್ಟಿ ಹೊಡೆದು ಆಡಿ ತೋರಿಸುತ್ತೆ, ಮಕ್ಕಳೆಲ್ಲ ಯಾಕೆ ಇಷ್ಟು ಚಪ್ಪಾಳೆ ತಟ್ಟುತಿದಾರೆ ಅಂತ ಅವನಿಗೆ ತಿಳಿಯಲ್ಲ. ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು, ಇಡೀ ಪುಸ್ತಕ ನಿಂತಿರೋದು ಅದರ ಮೇಲೇನೇ.

ಕೊನೇದಾಗಿ ಪೇಜ್ ತಿರುಗಿಸೋದು. ಪೇಜ್ ತಿರುಗೋ ಮುಂಚೆ ಪ್ರಶ್ನೆ, ತಿರುಗಿದ ಮೇಲೆ ಉತ್ತರ. "ಲೀಡರ್ ಗುಡ್ಡದ ತುದಿ ಹತ್ತಿದ. ಅಲ್ಲಿ ದುಂಡಗೆ, ಬೆಳ್ಳಗೆ, ಹೊಳೀತಾ ಇದ್ದಿದ್ದು..." ಅಂತ ಬಲಗಡೆ ಪೇಜಿನ ಕೆಳಗೆ ನಿಲ್ಲಿಸಿ. ತಿರುಗಿಸಿದ್ರೆ ಎರಡೂ ಪೇಜಿನ ತುಂಬ ಒಂದು ದಪ್ಪ ಕುರಿಯ ಹಿಂಭಾಗ. ಜೋಕು ಎಡಗಡೆ ಪೇಜಲ್ಲಿದ್ದು ಅದರ ಉತ್ತರ ಬಲಗಡೇಲೇ ಕಂಡ್ರೆ ಮಗು ಕಣ್ಣು ಮೊದಲೇ ಅಲ್ಲಿಗೆ ಹೋಗಿರುತ್ತೆ, ನೀವು ಎಷ್ಟು ಚೆನ್ನಾಗಿ ಬರೆದ್ರೂ ಪ್ರಯೋಜನ ಇಲ್ಲ. ಖಾಲಿ ಹಾಳೆ ಮಡಚಿ ಹೊಲಿದು 32 ಪೇಜಿನ ಒಂದು ಡಮ್ಮಿ ಮಾಡಿ, ಪೆನ್ಸಿಲಲ್ಲಿ ಕಡ್ಡಿ ನಾಯಿ ಬರೆದ್ರೂ ಪರವಾಗಿಲ್ಲ, ಕೈಯಲ್ಲಿ ಹಿಡಿದು ತಿರುಗಿಸ್ತಾ ಜೋರಾಗಿ ಓದಿ. ಎಲ್ಲಿ ಎಳೀತಿದೆ ಅಂತ ಕೈಗೇ ಗೊತ್ತಾಗುತ್ತೆ.

ಪ್ರಶ್ನೆ: ನಾನು ಇಲ್ಲಸ್ಟ್ರೇಟರ್, ಮೊದಲ ಸಲ ನಾಯಿಗಳ ಪುಸ್ತಕಕ್ಕೆ ಚಿತ್ರ ಮಾಡ್ತಿದೀನಿ. ನಾಯಿಗೆ ಮನುಷ್ಯರ ಥರ ಬಾಯಿ ತುಂಬ ನಗು ಬರೆದ್ರೆ ಎಡಿಟರ್ ಬೇಡ ಅಂತಾರೆ. ನಗದೇ ಇರೋ ನಾಯಿ ಮಕ್ಕಳಿಗೆ ಖುಷಿ ಕೊಡುತ್ತಾ?

ಉತ್ತರ: ನಿಮ್ಮ ಎಡಿಟರ್ ಹೇಳಿದ್ದು ಸರಿ, ಎರಡು ಕಾರಣಕ್ಕೆ. ಒಂದನ್ನ ಮುಂದೆ ಬೇರೆ ಪ್ರಶ್ನೇಲಿ ಹೇಳ್ತೀನಿ. ಇನ್ನೊಂದು ಏನಪ್ಪ ಅಂದ್ರೆ ನಾಯಿ ಮೈಯೆಲ್ಲ ಮಾತಾಡುತ್ತೆ, ಬಾಯಿ ಒಂದನ್ನೇ ನಂಬ್ಕೊಂಡ್ರೆ ಉಳಿದಿದ್ದೆಲ್ಲ ವೇಸ್ಟ್. ಹುಬ್ಬಿನ ಒಳಗಡೆ ತುದೀನ ಮೇಲಕ್ಕೆತ್ತೋ ಒಂದು ಪುಟ್ಟ ಸ್ನಾಯು ನಾಯಿಗಳಿಗಿದೆ, ತೋಳಗಳಲ್ಲಿ ಅದು ಇಲ್ಲ ಅನ್ನೋಷ್ಟು ಕಮ್ಮಿ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದು ಗೊತ್ತಾಯ್ತು. ನಾಯಿ ನಮ್ಮನ್ನ ನೋಡಿ ಪಾಪ ಅನ್ನೋ ಮುಖ ಮಾಡುತ್ತಲ್ಲ, ಅದು ಆ ಸ್ನಾಯುವಿನ ಕೆಲಸ. ನಿಮ್ಮ ಚಿತ್ರದಲ್ಲಿ ಹುಬ್ಬಿನ ಜಾಗದಲ್ಲಿ ಎರಡು ಗೆರೆ ಇಟ್ಟು ಒಳಗಿನ ತುದಿ ಒಂಚೂರು ಎತ್ತಿ ನೋಡಿ, ಬಾಯೇ ಬೇಕಾಗಲ್ಲ.

ಆಟಕ್ಕೆ ಕರೆಯೋವಾಗ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತೋದು, ಭಯ ಆದಾಗ ಬಾಲ ಕಾಲ ಸಂದಿಗೆ ಹೋಗಿ ಕಿವಿ ಹಿಂದಕ್ಕೆ ಅಂಟ್ಕೊಳ್ಳೋದು, ತಪ್ಪಿಸ್ಕೊಳ್ಳೋ ಯೋಚನೆ ಇದ್ದಾಗ ಮುಖ ಆ ಕಡೆ ತಿರುಗಿಸಿ ಕಣ್ಣು ಮಾತ್ರ ಈ ಕಡೆ ಇಟ್ಟು ಬಿಳಿಗುಡ್ಡೆ ತೋರಿಸೋದು, ಇವೆಲ್ಲ ನಿಮ್ಮ ಅಕ್ಷರಮಾಲೆ. ಮೂಗನ್ನ ಬರೀ ಕಪ್ಪು ಗುಂಡು ಮಾಡಬೇಡಿ, ಹೊಳ್ಳೆಯ ಪಕ್ಕ ಒಂದು ಸೀಳು ಇರುತ್ತೆ, ಮೂಸೋವಾಗ ಒಳಗಿನ ಗಾಳಿ ಆ ಪಕ್ಕದಿಂದ ಆಚೆ ಹೋಗುತ್ತೆ, ಹೊಸ ವಾಸನೆ ಮುಂದಿನಿಂದ ಒಳಗೆ ಬರ್ತಾನೇ ಇರುತ್ತೆ. ಆ ಸೀಳು ಒಂದು ಗೆರೆ ಅಷ್ಟೇ, ಆದ್ರೆ ಅದಿದ್ರೆ ನಾಯಿ ಮೂಸ್ತಿರೋ ಹಾಗೆ ಕಾಣುತ್ತೆ.

ಓಡೋ ದಿಕ್ಕು ನೋಡ್ಕೊಳ್ಳಿ. ಕನ್ನಡ ಎಡದಿಂದ ಬಲಕ್ಕೆ ಓದೋದ್ರಿಂದ ಬಲಕ್ಕೆ ಓಡೋ ನಾಯಿ ಮುಂದೆ ಹೋಗ್ತಿದೆ ಅನ್ಸುತ್ತೆ, ಎಡಕ್ಕೆ ಓಡಿದ್ರೆ ವಾಪಸ್ ಬರ್ತಿದೆ ಅಥವಾ ಏನೋ ಎಡವಟ್ಟಾಗಿದೆ ಅನ್ಸುತ್ತೆ. ಮೂರು ನಾಯೀಲಿ ಎರಡು ಬಲಕ್ಕೆ, ಪುಟ್ಟದೊಂದು ಎಡಕ್ಕೆ ನೋಡ್ತಾ ನಿಂತಿದ್ರೆ ಒಂದು ಪದ ಇಲ್ಲದೇ ಕಥೆ ಹೇಳಿದ ಹಾಗಾಯ್ತು. ಮತ್ತೆ ಪುಸ್ತಕದ ನಡುಮಡಿಕೆಗೆ ಯಾವ ನಾಯಿಯ ಮುಖಾನೂ ಸಿಕ್ಕಿಸಬೇಡಿ, ಹೊಲಿಗೇಲಿ ಮೂಗು ಮಾಯ ಆಗಿರೋ ನಾಯಿಗಳನ್ನ ಎಷ್ಟೋ ಪುಸ್ತಕದಲ್ಲಿ ನೋಡಿದೀನಿ, ನೋವಾಗುತ್ತೆ. ಸೊಂಟ ಅಲ್ಲಿ ಬಂದ್ರೆ ಅಡ್ಡಿ ಇಲ್ಲ, ಉದ್ದ ನಾಯಿ ಇನ್ನೂ ಉದ್ದ ಕಾಣುತ್ತೆ.

ಪ್ರಶ್ನೆ: ನಾಯಿಗೆ ಬಣ್ಣ ಕಾಣುತ್ತಾ, ಬರೀ ಕಪ್ಪು ಬಿಳುಪಾ? ಮಗಳು ಕೇಳಿದ್ಳು.

ಉತ್ತರ: ಕಾಣುತ್ತೆ, ನಮ್ಮಷ್ಟಿಲ್ಲ. ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸೋ ಕೋನ್ ಕೋಶಗಳು ಮೂರು ಥರ, ನಾಯೀಲಿ ಎರಡು ಥರ. ನೀಲಿ, ಹಳದಿ ಚೆನ್ನಾಗಿ ಗೊತ್ತಾಗುತ್ತೆ, ಕೆಂಪು ಹಸಿರು ವ್ಯತ್ಯಾಸ ಗೊತ್ತಾಗೋದು ಕಷ್ಟ. ಹಸಿರು ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದ್ರೆ ನಮಗೆ ಎದ್ದು ಕಾಣುತ್ತೆ, ನಾಯಿ ಮಾತ್ರ ಮೂಗಿಟ್ಟು ಹುಡುಕುತ್ತೆ. ಇದ್ರಲ್ಲೂ ಒಂದು ಕಥೆ ಇದೆ, ಮಗಳಿಗೆ ಹೇಳಿ, ಒಂದೇ ಹುಲ್ಲುಗಾವಲನ್ನ ಒಂದು ಪೇಜಲ್ಲಿ ನಮ್ಮ ಬಣ್ಣದಲ್ಲಿ, ಪಕ್ಕದ ಪೇಜಲ್ಲಿ ನೀಲಿ ಹಳದಿ ಬೂದು ಮಾತ್ರ ಬಳಸಿ ನಾಯಿ ಬಣ್ಣದಲ್ಲಿ ಬರೀಲಿ.

ಪ್ರಶ್ನೆ: ನನ್ನ ಆರು ವರ್ಷದ ಮಗಳಿಗೆ ನಾಯಿಗಳ ಸಾಹಸ ಅಂದ್ರೆ ಪ್ರಾಣ. "ಇದು ನಿಜವಾಗ್ಲೂ ನಡೆದಿದ್ದಾ ಅಪ್ಪಾ" ಅಂತ ಪ್ರತಿ ಕಥೆಗೂ ಕೇಳ್ತಾಳೆ. ನಿಜವಾಗಿ ಸಾಹಸ ಮಾಡಿದ ನಾಯಿಗಳಿದ್ರೆ ಹೇಳಿ. ಲೈಕಾ ಬಗ್ಗೆ ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ.

ಉತ್ತರ: ನನಗೆ ಎಲ್ಲಕ್ಕಿಂತ ಇಷ್ಟ ಓನಿ. ಅಮೆರಿಕದ ಆಲ್ಬನಿ ಊರಿನ ಪೋಸ್ಟಾಫೀಸಲ್ಲಿ 1888ರ ಹೊತ್ತಿಗೆ ಸೇರ್ಕೊಂಡ ಒಂದು ಬೀದಿ ನಾಯಿ, ಟಪಾಲು ಚೀಲಗಳ ಮೇಲೆ ಮಲಗೋದು ಅಂದ್ರೆ ಅದಕ್ಕೆ ಎಲ್ಲಿಲ್ಲದ ಖುಷಿ, ಚೀಲ ಎಲ್ಲಿ ಹೋದ್ರೆ ತಾನೂ ಅಲ್ಲಿಗೆ, ಹಾಗೇ ಒಂದಿನ ಟಪಾಲು ರೈಲು ಹತ್ತಿ ಹೊರಟುಬಿಡ್ತು. ಹೋದ ಹೋದ ಊರಲ್ಲೆಲ್ಲ ಪೋಸ್ಟ್ ಕ್ಲರ್ಕುಗಳು ಅದರ ಕೊರಳಿಗೆ ಒಂದೊಂದು ಬಿಲ್ಲೆ ಕಟ್ಟಿ ಕಳಿಸ್ತಿದ್ರು, ಬಿಲ್ಲೆಗಳ ಭಾರ ಎಷ್ಟಾಯ್ತು ಅಂದ್ರೆ ಅವನ್ನ ಸಿಕ್ಕಿಸೋಕೆ ಅಂತಲೇ ಪೋಸ್ಟ್‌ಮಾಸ್ಟರ್ ಜನರಲ್ ಒಂದು ಕೋಟು ಹೊಲಿಸಿಕೊಟ್ರು. 1895ರಲ್ಲಿ ಹಡಗು ರೈಲು ಹತ್ತಿ ಪ್ರಪಂಚ ಸುತ್ತಿ ಬಂತು. ಇವತ್ತಿಗೂ ವಾಷಿಂಗ್ಟನ್ನಿನ ನ್ಯಾಷನಲ್ ಪೋಸ್ಟಲ್ ಮ್ಯೂಸಿಯಮ್ಮಲ್ಲಿ ಅದರ ದೇಹಾನ ಬಿಲ್ಲೆಗಳ ಸಮೇತ ಕಾಪಾಡಿಟ್ಟಿದಾರೆ. ನಡೀತಾ ಇದ್ರೆ ಝಣ ಝಣ ಅನ್ನೋ ನಾಯಿ! ಚಿತ್ರಪುಸ್ತಕಕ್ಕೆ ಇದಕ್ಕಿಂತ ಬೇಕಾ, ಪ್ರತಿ ಪೇಜಿಗೂ ಒಂದು ಬಿಲ್ಲೆ ಜಾಸ್ತಿ ಬರೀಬಹುದು, ಮಕ್ಕಳು ಎಣಿಸ್ತಾ ಹೋಗ್ತಾರೆ.

ಇನ್ನೊಂದು ಅಲಾಸ್ಕಾದ್ದು. 1925ರ ಚಳಿಗಾಲದಲ್ಲಿ ನೋಮ್ ಅನ್ನೋ ಊರಲ್ಲಿ ಮಕ್ಕಳಿಗೆ ಡಿಫ್ತೀರಿಯಾ ಬಂತು, ಔಷಧಿ ತರೋಕೆ ದಾರಿ ಇಲ್ಲ, ಎಲ್ಲಾ ಕಡೆ ಹಿಮ. ಆಗ ಸುಮಾರು ಇಪ್ಪತ್ತು ಜನ ಸ್ಲೆಡ್ಜ್ (ಹಿಮದ ಮೇಲೆ ನಾಯಿಗಳು ಎಳೆಯೋ ಗಾಡಿ) ಓಡಿಸೋರು ತಮ್ಮ ನಾಯಿಗಳ ಜೊತೆ ಒಬ್ಬರಿಂದ ಒಬ್ಬರಿಗೆ ದಾಟಿಸ್ತಾ ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರೀನ ಐದೂವರೆ ದಿನದಲ್ಲಿ ಮುಗಿಸಿದ್ರು. ಕೊನೇ ಭಾಗ ಓಡಿ ಊರು ಮುಟ್ಟಿದ ತಂಡದ ಮುಂದಾಳು ಬಾಲ್ಟೋ, ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ಅದರ ಪ್ರತಿಮೆ ನಿಲ್ಲಿಸಿದ್ರು. ಆದ್ರೆ ಎಲ್ಲಕ್ಕಿಂತ ಉದ್ದದ, ಅಪಾಯದ ದಾರಿ ಓಡಿದ್ದು ಟೋಗೋ ಅನ್ನೋ ನಾಯಿ, ಆವಾಗ ಅದಕ್ಕೆ ಹನ್ನೆರಡು ವರ್ಷ, ನಾಯಿ ಲೆಕ್ಕದಲ್ಲಿ ಅಜ್ಜ. ಮಗಳಿಗೆ ಎರಡೂ ಹೆಸರು ಹೇಳಿ, ಟೋಗೋ ಹೆಸರು ಮೊದಲು ಹೇಳಿ ಅನ್ನೋದು ನನ್ನ ಆಸೆ.

ಲೈಕಾ ವಿಷಯ. 1957ರ ನವೆಂಬರ್ 3ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ 2ರಲ್ಲಿ ಕಳಿಸಿದ ನಾಯಿ ಅದು, ಭೂಮಿ ಸುತ್ತಿದ ಮೊದಲ ಪ್ರಾಣಿ. ಅದನ್ನ ವಾಪಸ್ ಕರ್ಕೊಂಡು ಬರೋ ವ್ಯವಸ್ಥೇನೇ ಇರ್ಲಿಲ್ಲ. ಹೊರಟ ಕೆಲವೇ ಗಂಟೆಗಳಲ್ಲಿ ಶಾಖ ಜಾಸ್ತಿಯಾಗಿ ಸತ್ತು ಹೋಯ್ತು ಅನ್ನೋದು ಹೊರಗಡೆ ಗೊತ್ತಾಗಿದ್ದು 2002ರಲ್ಲಿ. ಆ ಕೆಲಸದಲ್ಲಿದ್ದ ವಿಜ್ಞಾನಿ ಒಲೆಗ್ ಗಜೆಂಕೋ 1998ರಲ್ಲಿ ಇದರ ಬಗ್ಗೆ ಪಶ್ಚಾತ್ತಾಪ ಪಟ್ಟಿದ್ರು. ಇದನ್ನ ತಮಾಷೆ ಕಥೆ ಮಾಡ್ಬಾರದು, ಲೈಕಾ ಚಂದ್ರನ ಮೇಲೆ ಆಟ ಆಡ್ತಿದೆ ಅಂತಾನೂ ಹೇಳ್ಬೇಡಿ. ಮಗಳು "ನಿಜಾನಾ" ಅಂತ ಕೇಳೋಳು, ಮುಂದೊಂದಿನ ತಾನೇ ಓದಿ ತಿಳ್ಕೋತಾಳೆ, ಆಗ ಅಪ್ಪ ಸುಳ್ಳು ಹೇಳಿದ್ರು ಅನ್ನೋದು ನಾಯಿ ಸತ್ತಿದ್ದಕ್ಕಿಂತ ಜಾಸ್ತಿ ನೋವು ಕೊಡುತ್ತೆ. ಕೇಳಿದ್ರೆ ಸಣ್ಣದಾಗಿ ನಿಜ ಹೇಳಿ, ಅತ್ತರೆ ಜೊತೇಲಿ ಕೂತ್ಕೊಳ್ಳಿ. ಕೇಳದೇ ಇದ್ರೆ ಸದ್ಯಕ್ಕೆ ಬೆಲ್ಕಾ, ಸ್ಟ್ರೆಲ್ಕಾ ಅನ್ನೋ ಇನ್ನೆರಡು ಸೋವಿಯತ್ ನಾಯಿಗಳ ಕಥೆ ಹೇಳಿ: 1960ರ ಆಗಸ್ಟ್ 19ರಂದು ಒಂದು ಮೊಲ, ಇಲಿಗಳ ಜೊತೆ ಹೋಗಿ ಭೂಮಿ ಸುತ್ತಿ ಮಾರನೇ ದಿನ ಜೀವಂತವಾಗಿ ವಾಪಸ್ ಬಂದ್ವು. ಆಮೇಲೆ ಸ್ಟ್ರೆಲ್ಕಾ ಆರು ಮರಿ ಹಾಕ್ತು, ಅದರಲ್ಲಿ ಪುಶಿಂಕಾ ಅನ್ನೋ ಮರೀನ 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಮನೆಗೆ ಉಡುಗೊರೆ ಕಳಿಸಿದ್ರು. ಎರಡು ದೇಶ ಎದುರುಬದುರು ನಿಂತಿದ್ದ ಕಾಲದಲ್ಲಿ ಮರಿ ಒಂದು ಮನೆಯೊಳಗೆ ಓಡಾಡ್ಕೊಂಡಿತ್ತು ನೋಡಿ.

ಪ್ರಶ್ನೆ: ಅಕ್ಕಾ, ಈ ಪುಸ್ತಕಗಳನ್ನ ಓದಿ ನನ್ನ ಮಗ ಕಂಡ ಕಂಡ ನಾಯೀನೆಲ್ಲ ತಬ್ಬೋಕೆ ಓಡ್ತಾನೆ. ಭಯ ಆಗುತ್ತೆ. ಪುಸ್ತಕ ನಿಲ್ಲಿಸ್ಬೇಕಾ?

ಉತ್ತರ: ಪುಸ್ತಕ ನಿಲ್ಲಿಸಬೇಡಿ ತಂಗೀ, ತಬ್ಬೋದನ್ನ ಮಾತ್ರ ಇವತ್ತೇ ನಿಲ್ಲಿಸಿ. ಸಣ್ಣ ಮಕ್ಕಳು ಹಲ್ಲು ತೋರಿಸಿ ಗುರ್ ಅನ್ನೋ ನಾಯಿಯ ಮುಖ ನೋಡಿ ಅದು ನಗ್ತಿದೆ ಅಂತ ತಿಳ್ಕೋತಾರೆ, ಇದು ಸಂಶೋಧನೆಗಳಲ್ಲಿ ಕಂಡ ವಿಷಯ. ಮೇಲೆ ಇಲ್ಲಸ್ಟ್ರೇಟರಿಗೆ ಹೇಳ್ತೀನಿ ಅಂದಿದ್ದ ಎರಡನೇ ಕಾರಣ ಇದೇ, ನಾಯಿಗೆ ಹಲ್ಲು ಕಾಣೋ ಹಾಗೆ ಮನುಷ್ಯರ ನಗು ಬರೆದ್ರೆ ಮಗುವಿಗೆ ತಪ್ಪು ಪಾಠ. ಪ್ರಪಂಚದಲ್ಲಿ ರೇಬಿಸ್ ಅನುಮಾನ ಇರೋ ಪ್ರಾಣಿಗಳಿಂದ ಕಚ್ಚಿಸ್ಕೊಳ್ಳೋರಲ್ಲಿ ಶೇಕಡಾ 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಹಾಗಾಗಿ ನಿಮ್ಮ ಭಯ ಸುಮ್ನೆ ಅಲ್ಲ.

ಮಗನಿಗೆ ಪುಸ್ತಕ ಹಿಡ್ಕೊಂಡೇ ಹೇಳ್ಕೊಡಿ. ಈ ಪೇಜಲ್ಲಿ ಬಾಲ ಎಲ್ಲಿದೆ, ಕಿವಿ ಹೆಂಗಿದೆ, ಈ ನಾಯಿಗೆ ಈಗ ಯಾರಾದ್ರೂ ಹತ್ರ ಬಂದ್ರೆ ಇಷ್ಟ ಆಗುತ್ತಾ ಅಂತ ಕೇಳಿ. ತಿನ್ನೋ ನಾಯಿ, ಮಲಗಿರೋ ನಾಯಿ, ಮರಿ ಜೊತೆ ಇರೋ ನಾಯಿ ಹತ್ರ ಹೋಗ್ಬಾರದು. ಸಾಕಿದೋರನ್ನ ಕೇಳದೇ ಮುಟ್ಬಾರದು, ಯಾವ ನಾಯೀನೂ ಕುತ್ತಿಗೆ ಹಿಡಿದು ತಬ್ಬಬಾರದು. ಗೊತ್ತಿಲ್ಲದ ನಾಯಿ ಓಡಿ ಬಂದ್ರೆ ಓಡದೇ, ಕಿರುಚದೇ, ಕೈ ಮೈಗೆ ಅಂಟಿಸ್ಕೊಂಡು ಮರದ ಥರ ನಿಲ್ಲಬೇಕು, ಇದನ್ನ ಆಟದ ಥರ ಮನೇಲಿ ಪ್ರಾಕ್ಟೀಸ್ ಮಾಡ್ಸಿ. ಅಕಸ್ಮಾತ್ ಕಚ್ಚಿದ್ರೆ ಅಥವಾ ಪರಚಿದ್ರೆ ತಕ್ಷಣ ಸೋಪು ನೀರಲ್ಲಿ 15 ನಿಮಿಷ ತೊಳೆದು ಸೀದಾ ಡಾಕ್ಟರ್ ಹತ್ರ, ಸಣ್ಣ ಗಾಯ ಅಂತ ಬಿಡೋ ಹಾಗಿಲ್ಲ. ಬೈತಾರೆ ಅನ್ನೋ ಭಯಕ್ಕೆ ಮಕ್ಕಳು ಹೇಳದೇ ಇದ್ಬಿಡ್ತಾರೆ, ನಾಯಿ ಪರಚಿದ್ರೆ ಯಾರೂ ಬೈಯಲ್ಲ ಅಂತ ಮೊದಲೇ ಮಾತು ಕೊಟ್ಟಿರಿ.

ಪ್ರಶ್ನೆ: ನಾನು ತಾತ. ಮೊಮ್ಮಕ್ಕಳ ಪುಸ್ತಕ ನೋಡ್ದೆ, ನಾಯಿಗಳು ಹೇಳದೇ ಕೇಳದೇ ಮನೆ ಬಿಟ್ಟು ಹೋಗ್ತವೆ, ಹೂಕುಂಡ ಬೀಳಿಸ್ತವೆ, ಬಟ್ಟೆ ಹರೀತವೆ, ಕೊನೇಲಿ ಒಂದು ಬುದ್ಧಿಮಾತೂ ಇಲ್ಲ. ನೀತಿ ಇಲ್ಲದ ಕಥೆ ಮಕ್ಕಳಿಗೆ ಯಾಕೆ?

ಉತ್ತರ: ತಾತಾ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದ್ರೆ ಹೂಕುಂಡ ಬಿದ್ದ ಪೇಜಲ್ಲಿ ಮೊಮ್ಮಕ್ಕಳ ಮುಖ ನೋಡಿ, ನಗ್ತಾನೇ ನಿಮ್ಮ ಕಡೆ ಒಂದ್ಸಲ ತಿರುಗಿ ನೋಡ್ತಾರೆ. ಕುಂಡ ಬೀಳಿಸೋದು ತಪ್ಪು ಅಂತ ಅವರಿಗೆ ಗೊತ್ತು, ಗೊತ್ತಿರೋದಕ್ಕೇ ನಗು ಬರೋದು. ತಾವು ಮಾಡೋ ಹಾಗಿಲ್ಲದ ಕೆಲಸಾನ ನಾಯಿ ಮಾಡ್ತಿದೆ, ತಮಗೆ ಬೈಗುಳ ಬೀಳಲ್ಲ, ಅದೊಂದು ನೆಮ್ಮದಿ ಅವರಿಗೆ. ಕೊನೇಲಿ ಬುದ್ಧಿಮಾತು ಹಾಕಿದ್ರೆ ಆ ನೆಮ್ಮದಿ ಹೋಗುತ್ತೆ. ನೀತಿಕಥೆಗಳೂ ಇರ್ಲಿ, ನೀವು ಹೇಳೋ ಕಥೆಗಳನ್ನ ನಿಲ್ಲಿಸ್ಬೇಡಿ, ಇದರ ಪಕ್ಕದಲ್ಲಿ ಅವೂ ಇರ್ಲಿ. ಒಂದ್ಸಲ ಈ ನಾಯಿ ಪುಸ್ತಕಾನ ನೀವೇ ಓದಿ ಹೇಳಿ ತಾತಾ, ನಿಮ್ಮ ದೊಡ್ಡ ದನೀಲಿ ಆ ಲೀಡರ್ ನಾಯಿ ಚೆನ್ನಾಗಿ ಬರುತ್ತೆ.

ಪ್ರಶ್ನೆ: ನಾನು ಎರಡನೇ ಕ್ಲಾಸಿನ ಟೀಚರ್. ನಲವತ್ತು ಮಕ್ಕಳು, ಒಂದೇ ಪುಸ್ತಕ. ಹಿಂದೆ ಕೂತೋರಿಗೆ ಚಿತ್ರ ಕಾಣಲ್ಲ, ಗಲಾಟೆ ಶುರುವಾಗುತ್ತೆ.

ಉತ್ತರ: ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ, ಹತ್ತು ಹತ್ತು ಮಕ್ಕಳ ಗುಂಪು ಮಾಡಿ, ಉಳಿದೋರು ಆ ಹೊತ್ತಲ್ಲಿ ತಮ್ಮದೇ ನಾಯಿ ಬರೀತಿರ್ಲಿ. ಪುಸ್ತಕಾನ ಮುಖದ ಪಕ್ಕ ಹಿಡಿದು, ಪದ ಓದಿ ಮುಗಿಸಿದ ಮೇಲೆ ಸುಮ್ನೆ ನಿಲ್ಲಿ, ಚಿತ್ರ ನೋಡೋಕೆ ಮಕ್ಕಳಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ಯಾರಾದ್ರೂ ಒಬ್ಬ "ಬಾಲ! ಬಾಲ!" ಅಂತ ಕೂಗೋವರೆಗೂ ಕಾಯಿರಿ. ಜೋಕನ್ನ ನೀವು ವಿವರಿಸ್ಬೇಡಿ, ಅರ್ಥ ಆದ ಮಗು ಆಗದೇ ಇರೋ ಮಗುವಿಗೆ ಪಿಸುಗುಟ್ಟಿ ಹೇಳ್ಲಿ. ಓದೋಕೆ ಹಿಂದಿರೋ ಮಕ್ಕಳು ಚಿತ್ರ ಓದೋದ್ರಲ್ಲಿ ಎಷ್ಟೋ ಸಲ ಮುಂದಿರ್ತಾರೆ, ಕ್ಲಾಸಲ್ಲಿ ಎಲ್ಲರಿಗಿಂತ ಮೊದಲು ಅವರೇ ನಗೋ ಒಂದು ದಿನ ಅವರಿಗೆ ಸಿಗಬೇಕು. ಪದಾನೇ ಇಲ್ಲದ ಪುಸ್ತಕ ಸಿಕ್ಕಿದ್ರೆ ಇನ್ನೂ ಒಳ್ಳೇದು, 2012ರಲ್ಲಿ ಕಾಲ್ಡೆಕಾಟ್ ಮೆಡಲ್ ಬಂದಿದ್ದು ಒಂದು ನಾಯಿ ಮತ್ತೆ ಅದರ ಕೆಂಪು ಚೆಂಡಿನ ಕಥೆಗೆ, ಕಥೇನೆಲ್ಲ ಚಿತ್ರಗಳೇ ಹೇಳ್ತವೆ.

ಪ್ರಶ್ನೆ: ಆಂಟಿ, ನನಗೆ ಏಳು ವರ್ಷ. ನಾಯಿ ಪುಸ್ತಕದಲ್ಲಿ ಎಲ್ಲಾ ನಾಯೀನೂ ಕೊನೇಗೆ ಮನೆಗೇ ಯಾಕೆ ವಾಪಸ್ ಬರ್ತವೆ? ನನಗೆ ಇಷ್ಟ ಇಲ್ಲ. ಅವು ಇನ್ನೂ ಮುಂದೆ ಹೋಗ್ಬೇಕು.

ಉತ್ತರ: ಪುಟ್ಟೀ, ಒಳ್ಳೇ ಪ್ರಶ್ನೆ. ಪುಸ್ತಕ ಬರೆಯೋರಿಗೆ ಒಂದು ಯೋಚನೆ ಇರುತ್ತೆ, ಇದನ್ನ ಓದಿ ಮಕ್ಕಳು ಮಲಗ್ತಾರೆ, ನಾಯಿಗಳು ಕತ್ತಲಲ್ಲಿ ಎಲ್ಲೋ ಇದಾವೆ ಅಂತ ನೆನೆಸ್ಕೊಂಡು ಕೆಲವರಿಗೆ ನಿದ್ದೆ ಬರಲ್ಲ. ಅದಕ್ಕೇ ಮನೆಗೆ ಕರ್ಕೊಂಡು ಬಂದು ಬಾಗಿಲು ಹಾಕ್ತಾರೆ. ಆದ್ರೆ ನೀನು ಹೇಳೋದೂ ಸರಿ, ಎಲ್ಲಾ ಪುಸ್ತಕಾನೂ ಹಂಗೇ ಮುಗೀಬೇಕು ಅಂತೇನಿಲ್ಲ. ನಿನ್ನ ಪುಸ್ತಕದ ಕೊನೇ ಪೇಜನ್ನ ಚೆನ್ನಾಗಿ ನೋಡು, ನಾಯಿಗಳು ಮಲಗಿರ್ತಾವಲ್ಲ, ಕಿಟಕಿ ತೆಗೆದಿದೆಯಾ? ಕಾಲಲ್ಲಿ ಮಣ್ಣಿದೆಯಾ? ಒಂದು ನಾಯಿ ಒಂದು ಕಣ್ಣು ಬಿಟ್ಕೊಂಡಿದೆಯಾ? ಇದ್ರೆ ಅವು ಮತ್ತೆ ಹೊರಡ್ತವೆ ಅಂತ ಅರ್ಥ.

ಮತ್ತೆ ಎಲ್ಲಿಗೆ ಹೋಗ್ತವೆ ಅನ್ನೋದನ್ನ ನೀನೇ ಬರಿ. ಒಂದು ದೊಡ್ಡ ಹಾಳೆ ತಗೊಂಡು ನಾಲ್ಕು ಸಲ ಮಡಚಿ, ಮಡಿಕೆಗಳನ್ನ ಕತ್ತರಿಸೋಕೆ ಅಮ್ಮನ ಹತ್ರ ಕೇಳು, ಹದಿನಾರು ಹಾಳೆ ಬರುತ್ತೆ, ಎರಡೂ ಕಡೆ ಬರೆದ್ರೆ ದೊಡ್ಡೋರ ಪುಸ್ತಕದಷ್ಟೇ, 32 ಪೇಜು. ನಾಯಿಗಳು ಮನೆಗೆ ಬರೋದು ಬೇಡ ಅಂದ್ರೆ ಬರೋದು ಬೇಡ. ಬರೆದ ಮೇಲೆ ಫೋಟೋ ತೆಗೆಸಿ ನಮಗೆ ಕಳಿಸು, ಮೂರು ನಾಯೀದೂ ಹೆಸರು ಬರಿ, ಯಾವ್ದು ಲೀಡರ್ ಅಂತಾನೂ ಬರಿ.